ಬಿಎಫ್‌ಸಿ ನಮ್ಮ ಊರುಗಳತ್ತಲೂ ನೋಡಲಿ



2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ತಂಡ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಾಗಿನಿಂದ ನಾನು ಅದರ ಅಭಿಮಾನಿ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡವೂ ಇದೇ. 2019ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ, ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೆಕೆ ತಲೆಕೊಟ್ಟು ಗೋವಾ ತಂಡವನ್ನು ಮಣಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ 2023 ಮತ್ತು 2025ರ ಫೈನಲ್‌ಗಳಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸೋಲಿಗಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಮುಂದಿನ ದಾರಿ. 2024-25ರ ಐಎಸ್‌ಎಲ್‌ನಲ್ಲಿ ನಮ್ಮ ತಂಡದ 40 ವರ್ಷದ ಸುನಿಲ್ ಛೆಟ್ರಿ 14 ಗೋಲು ಹೊಡೆದರು. ಅವರಿಗೆ ಕೈಮುಗಿಯೋಣ. ಆದರೆ ಅವರ ಜಾಗ ತುಂಬುವ ಹುಡುಗರನ್ನು ಈಗಲೇ ಬೆಳೆಸಬೇಡವೇ?

ತಂಡದ ಮಾಲೀಕರಾದ ಜೆಎಸ್‌ಡಬ್ಲ್ಯು ಸಮೂಹದ ಉಕ್ಕಿನ ಕಾರ್ಖಾನೆ ಇರುವುದು ತೋರಣಗಲ್ಲಿನಲ್ಲಿ. ಅಲ್ಲಿಯೇ ಕ್ರೀಡಾ ತರಬೇತಿ ಸಂಸ್ಥೆಯನ್ನೂ ಕಟ್ಟಿದ್ದಾರೆ. ಹೊಸಪೇಟೆ ದಾಟಿದರೆ ನಮ್ಮ ಗಂಗಾವತಿ, ಕೊಪ್ಪಳ. ಇಷ್ಟು ಹತ್ತಿರವಿದ್ದರೂ ಇಲ್ಲಿನ ಹುಡುಗರಿಗೆ ಫುಟ್‌ಬಾಲ್ ಟಿ.ವಿ.ಯಲ್ಲಿ ನೋಡುವ ಆಟವಷ್ಟೇ. ಆದರೆ ಕುಷ್ಟಗಿ, ಯಲಬುರ್ಗಾದ ಶಾಲಾ ಮೈದಾನಗಳಲ್ಲಿ ಕಬಡ್ಡಿ, ಕೊಕ್ಕೊ ಆಡುವ ಮಕ್ಕಳ ಕಾಲಿನ ಚುರುಕು ಸಾಮಾನ್ಯದ್ದಲ್ಲ.

ಕ್ಲಬ್ ವರ್ಷಕ್ಕೊಮ್ಮೆಯಾದರೂ ನಮ್ಮ ತಾಲ್ಲೂಕುಗಳಲ್ಲಿ ಆಯ್ಕೆ ಶಿಬಿರ ನಡೆಸಲಿ, ದೈಹಿಕ ಶಿಕ್ಷಕರಿಗೆ ತರಬೇತಿ ಕೊಡಲಿ. ಜಿಲ್ಲಾಡಳಿತ ಮೈದಾನ ಒದಗಿಸಲಿ. ಹೆಸರಿನಲ್ಲಿ ಬೆಂಗಳೂರು ಇದ್ದರೇನಂತೆ, ತಂಡ ಇಡೀ ಕರ್ನಾಟಕದ್ದಾಗಲಿ.

– ಫುಟ್‌ಬಾಲ್ ಅಭಿಮಾನಿ, ಗಂಗಾವತಿ