ಅರ್ಧ ಕಪ್ಪಾದ ಮದುವೆ ಫೋಟೋ

ಹೋದ ಭಾನುವಾರ ಬೆಳಿಗ್ಗೆ ತಂದೆ ಮಗ ಇಬ್ಬರೂ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ಮಗ ಒಂಬತ್ತನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿ. ತಂದೆಗೆ ಪೇಟೆಯಲ್ಲಿ ಹಿಟ್ಟಿನ ಗಿರಣಿ. ಹುಡುಗನ ಮುಖ ಊದಿಕೊಂಡಿತ್ತು. ತಂದೆ ಚೀಲದಿಂದ ಕ್ಯಾಮರಾ ತೆಗೆದು ನನ್ನ ಮುಂದಿಟ್ಟರು.

"ಮೇಷ್ಟ್ರೆ, ಇವನು ಹಾಳು ಮಾಡಿಬಿಟ್ಟ. ರಿಪೇರಿಯವರು ಶಟರ್ ಹೋಗಿದೆ, 9,000 ರೂಪಾಯಿ ಆಗುತ್ತೆ ಅಂತಾರೆ. ಬಂದಷ್ಟಕ್ಕೆ ಮಾರಿಬಿಡೋಣ ಅಂತಿದೀನಿ. ನೀವೊಂದು ಸಲ ನೋಡಿ."

ಅದೊಂದು ಡಿಎಸ್‌ಎಲ್‌ಆರ್, ಕೆಳದರ್ಜೆಯ ಮಾದರಿ, ಸೆಕೆಂಡ್ ಹ್ಯಾಂಡ್. ಹುಡುಗ ಅದರಲ್ಲಿ ಕೆರೆ ಏರಿಯ ಮೇಲೆ ಕುಳಿತು ಮಿಂಚುಳ್ಳಿ, ಬೆಳ್ಳಕ್ಕಿಗಳ ಚಿತ್ರ ತೆಗೆಯುತ್ತಾನೆ. ಅಕ್ಕನ ಮದುವೆಯ ದಿನ ರಾತ್ರಿ ಆರತಕ್ಷತೆಯಲ್ಲಿ ಯಾರಿಂದಲೋ ಒಂದು ಅಗ್ಗದ ಫ್ಲಾಷ್ ಎರವಲು ತಂದು, ಕ್ಯಾಮರಾದ ನೆತ್ತಿಗೆ ಸಿಕ್ಕಿಸಿ ಅರವತ್ತು ಚಿತ್ರ ತೆಗೆದಿದ್ದ. ಬ್ಯಾಟರಿ ಉಳಿಸಲೆಂದು ಹಿಂದಿನ ಪರದೆಯಲ್ಲಿ ಚಿತ್ರ ಮೂಡುವುದನ್ನು ನಿಲ್ಲಿಸಿದ್ದನಂತೆ. ಮನೆಗೆ ಬಂದು ನೋಡಿದರೆ ಅರವತ್ತರಲ್ಲೂ ಮೇಲಿನ ಅರ್ಧ ಚೆನ್ನಾಗಿದೆ, ಕೆಳಗಿನ ಅರ್ಧ ಕಾಡಿಗೆ ಕಪ್ಪು. ನಿಂತವರ ತಲೆಗಳಿವೆ. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕುಳಿತ ಅಜ್ಜಿ ಕಪ್ಪಿನೊಳಗೆ ಮಾಯ. ಓಡಾಡಲಾಗದ ಅಜ್ಜಿಯನ್ನು ಕಾರು ಮಾಡಿ ಊರಿಂದ ಕರೆತಂದದ್ದೇ ಆ ಸಂಜೆಗೆ. ಕೂಲಿ ಫೋಟೋಗ್ರಾಫರ್ ಮುಹೂರ್ತ ಮುಗಿಸಿ ಹೋಗಿಯಾಗಿತ್ತು. ಮನೆಯಲ್ಲಿ ಏನು ನಡೆದಿರಬಹುದೆಂದು ನಾನು ಕೇಳಲಿಲ್ಲ.

"ಮದುವೆ ಆದಮೇಲೆ ಹಕ್ಕಿ ಫೋಟೋ ತೆಗೆದೆಯೇನೋ?" ಎಂದು ಕೇಳಿದೆ.

"ಮಾರನೇ ದಿನ ಬೆಳಿಗ್ಗೆ ತೆಗೆದೆ ಸಾರ್."

"ಅದೂ ಅರ್ಧ ಕಪ್ಪೋ?"

"ಇಲ್ಲ ಸಾರ್. ಪೂರ್ತಿ ಬಂದಿದೆ."

ಆಗಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಶಟರ್ ಮುರಿದಿದ್ದರೆ ಅಜ್ಜಿಗೊಂದು ನ್ಯಾಯ, ಮಿಂಚುಳ್ಳಿಗೊಂದು ನ್ಯಾಯ ಮಾಡುತ್ತಿರಲಿಲ್ಲ. ರಿಪೇರಿಯವರು ಮದುವೆಯ ಚಿತ್ರಗಳನ್ನಷ್ಟೇ ನೋಡಿ ತೀರ್ಪು ಕೊಟ್ಟಿದ್ದರು.

ಈ ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂದು ಮೊದಲು ನೋಡೋಣ. ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಪುಟ್ಟ ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸುತ್ತದೆ. ಅಲ್ಲಿ ಉಜ್ಜುಗಾಜಿನಂಥ ಒಂದು ತೆಳು ಪರದೆ, ಅದರ ಮೇಲೆ ಇನ್ನಷ್ಟು ಕನ್ನಡಿಗಳ ಜೋಡಣೆ. ದುಬಾರಿ ಕ್ಯಾಮರಾಗಳಲ್ಲಿ ಈ ಜೋಡಣೆಯ ಬದಲು ಗಾಜಿನ ಪಟ್ಟಕವೇ ಇರುತ್ತದೆ. ಹೀಗೆ ತಿರುಗಿ ತಿರುಗಿ ಬಂದ ಬಿಂಬ ನಿಮ್ಮ ಕಣ್ಣಿಗೆ ನೆಟ್ಟಗೆ ಕಾಣುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೆ ಮಡಚಿಕೊಳ್ಳುತ್ತದೆ, ಶಟರ್ ತೆರೆಯುತ್ತದೆ, ಬೆಳಕು ಸೆನ್ಸರಿಗೆ ಬೀಳುತ್ತದೆ. 'ಟಕ್' ಎಂಬ ಸದ್ದು ಅದರದೇ. ನೋಡುವುದಕ್ಕೂ ತೆಗೆಯುವುದಕ್ಕೂ ಒಂದೇ ಲೆನ್ಸ್. ಸಿಂಗಲ್ ಲೆನ್ಸ್ ರಿಫ್ಲೆಕ್ಸ್ ಎಂಬ ಹೆಸರು ಬಂದದ್ದು ಅದಕ್ಕೇ. 2003ರಲ್ಲಿ ಕ್ಯಾನನ್ 300ಡಿ ಅಮೆರಿಕದಲ್ಲಿ ಸಾವಿರ ಡಾಲರಿನೊಳಗೆ ಬಂದ ಮೇಲೆ ಇಂಥ ಡಿಜಿಟಲ್ ಕ್ಯಾಮರಾ ಸಾಮಾನ್ಯರ ಕೈಗೂ ಎಟುಕತೊಡಗಿತು. ಅದರಲ್ಲಿದ್ದದ್ದು 6.3 ಮೆಗಾಪಿಕ್ಸೆಲ್. ಈಗ ತಯಾರಕರ ಒಲವೆಲ್ಲ ಕನ್ನಡಿಯೇ ಇಲ್ಲದ ಕ್ಯಾಮರಾಗಳ ಕಡೆಗೆ. ನಿಕಾನ್ 2018ರ ಡಿ3500ರ ನಂತರ ಈ ಕೆಳದರ್ಜೆಯಲ್ಲಿ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಹಾಗಾಗಿಯೇ ಹಳೆಯವು ಕಡಿಮೆ ಬೆಲೆಗೆ ವಿದ್ಯಾರ್ಥಿಗಳ ಕೈಗೆ ಬರುತ್ತಿವೆ. ಕಲಿಯುವವರಿಗೆ ಅದು ಲಾಭವೇ.

ಇನ್ನು ಶಟರಿನ ವಿಷಯ. ಅದು ಒಂದು ಬಾಗಿಲಲ್ಲ, ಎರಡು ಪರದೆ. ಮೊದಲನೆಯದು ಸರಿದು ಸೆನ್ಸರನ್ನು ತೆರೆಯುತ್ತದೆ, ಎರಡನೆಯದು ಅದರ ಹಿಂದೆಯೇ ಬಂದು ಮುಚ್ಚುತ್ತದೆ. ಒಂದು ಪರದೆ ಸೆನ್ಸರನ್ನು ದಾಟಲು ಸುಮಾರು 1/250 ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ನೀವು ಶಟರ್ ವೇಗವನ್ನು 1/500 ಎಂದು ಇಟ್ಟಿದ್ದೀರಿ. ಆಗ ಮೊದಲ ಪರದೆ ಅರ್ಧ ದಾರಿ ತಲುಪುವಷ್ಟರಲ್ಲಿ ಎರಡನೆಯದು ಹೊರಟುಬಿಡುತ್ತದೆ. ಸೆನ್ಸರ್ ಯಾವ ಕ್ಷಣದಲ್ಲೂ ಪೂರ್ತಿ ತೆರೆದಿರುವುದಿಲ್ಲ. ಒಂದು ಸೀಳು ಮಾತ್ರ ಅದರ ಮೇಲೆ ಹಾಯ್ದುಹೋಗುತ್ತದೆ. ಹಗಲಿನಲ್ಲಿ ಇದರಿಂದ ತೊಂದರೆಯಿಲ್ಲ. ಸೂರ್ಯ ಎಡೆಬಿಡದೆ ಬೆಳಗುತ್ತಿರುವುದರಿಂದ ಪ್ರತಿ ಭಾಗಕ್ಕೂ ಸಮಪಾಲು ಬೆಳಕು ಸಿಗುತ್ತದೆ.

ಫ್ಲಾಷ್ ಹಾಗಲ್ಲ. ಅದರ ಮಿಂಚು ಸಾಮಾನ್ಯವಾಗಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನದು. ಮೊದಲ ಪರದೆ ಪೂರ್ತಿ ಸರಿದೊಡನೆ ಅದು ಮಿಂಚುತ್ತದೆ. ಆ ಹೊತ್ತಿಗೆ ಎರಡನೇ ಪರದೆ ಅರ್ಧ ದಾರಿ ಬಂದಿದ್ದರೆ, ಅದರ ಮರೆಯಲ್ಲಿರುವ ಅರ್ಧ ಸೆನ್ಸರಿಗೆ ಕತ್ತಲೆಯೇ ಗತಿ. ಕಲ್ಯಾಣಮಂಟಪದ ದೀಪಗಳ ಬೆಳಕು 1/500 ಸೆಕೆಂಡಿಗೆ ಸಾಲದು. ಈ ವರ್ಗದ ಕ್ಯಾಮರಾಗಳಲ್ಲಿ ಫ್ಲಾಷಿಗೆ ಒಪ್ಪುವ ಗರಿಷ್ಠ ವೇಗ ಸಾಮಾನ್ಯವಾಗಿ 1/200 ಸೆಕೆಂಡ್. ಕ್ಯಾಮರಾದಲ್ಲೇ ಇರುವ ಫ್ಲಾಷ್ ಎದ್ದರೆ ಕ್ಯಾಮರಾ ತಾನಾಗಿಯೇ ಆ ಮಿತಿಯೊಳಗೆ ನಿಲ್ಲುತ್ತದೆ. ಅಗ್ಗದ ಫ್ಲಾಷಿಗೆ ಮಧ್ಯದಲ್ಲಿ ಒಂದೇ ಸಂಪರ್ಕ ಬಿಂದು. 'ಮಿಂಚು' ಎಂಬ ಅಪ್ಪಣೆಯಷ್ಟೇ ಅದಕ್ಕೆ ತಿಳಿಯುತ್ತದೆ. ತನ್ನ ತಲೆಯ ಮೇಲೆ ಫ್ಲಾಷ್ ಕುಳಿತಿದೆ ಎಂಬುದೇ ಕ್ಯಾಮರಾಕ್ಕೆ ಗೊತ್ತಾಗುವುದಿಲ್ಲ. ನಮ್ಮ ಹುಡುಗ ಹಕ್ಕಿಗಾಗಿ 'ಎಂ' ಮೋಡಿನಲ್ಲಿ ಇಟ್ಟಿದ್ದ 1/500 ಅನ್ನು ಹಾಗೆಯೇ ಬಿಟ್ಟು ಮಂಟಪಕ್ಕೆ ಹೋಗಿದ್ದ.

ಕಪ್ಪು ಕೆಳಗೇ ಏಕೆ ಬಂತು? ಇದನ್ನು ಅವನಿಗೇ ಕೇಳಿದೆ. ಪರದೆಗಳು ಮೇಲಿನಿಂದ ಕೆಳಕ್ಕೆ ಓಡುತ್ತವೆ, ಅಂದರೆ ಎರಡನೆಯದು ಮೊದಲು ಮುಚ್ಚುವುದು ಸೆನ್ಸರಿನ ಮೇಲ್ಭಾಗವನ್ನು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಬಿಂಬ ತಲೆಕೆಳಗಾಗಿ ಬೀಳುತ್ತಲ್ಲ ಸಾರ್, ಪೀನ ಮಸೂರದ ಪಾಠ!" ಎಂದ. ಬೋರ್ಡಿನ ಮೇಲೆ ನಾನು ಎಷ್ಟು ಬಾಣ ಬರೆದರೂ ಆಗದ್ದು ಅಜ್ಜಿಯ ಫೋಟೋದಿಂದ ಆಯಿತು.

ಕೋಣೆಯ ಕಿಟಕಿ ಮುಚ್ಚಿ ಬಿಳಿ ಗೋಡೆಗೆ ಹಿಡಿದು ನೋಡಿದೆವು. 1/500ಕ್ಕೆ ಅರ್ಧ ಕಪ್ಪು. 1/200ಕ್ಕೆ ಪೂರ್ತಿ ಬಿಳಿ. ತಂದೆ ಮೂರು ಸಲ ಮಾಡಿಸಿ ನೋಡಿದರು. ಆಮೇಲೆ ಅವರ ಸಿಟ್ಟು ರಿಪೇರಿ ಅಂಗಡಿಯ ಕಡೆಗೆ ತಿರುಗಿತು. ಅದನ್ನು ಇಳಿಸಲು ಎರಡು ಲೋಟ ಕಾಫಿ ಬೇಕಾಯಿತು.

ಅಂಗಡಿಗೆ ಓಡುವ ಮುನ್ನ ಮನೆಯಲ್ಲೇ ನೋಡಬಹುದಾದ ಸಂಗತಿಗಳು ಇನ್ನೂ ಇವೆ. ಚಿತ್ರ ಸ್ಪಷ್ಟವಾಗಿದ್ದರೂ ಇಣುಕುಗಂಡಿಯಲ್ಲಿ ಎಲ್ಲವೂ ಮಸುಕೇ? ಗಂಡಿಯ ಪಕ್ಕದಲ್ಲಿ ಕಣ್ಣಿನ ಪವರಿಗೆ ಹೊಂದಿಸುವ ಪುಟ್ಟ ಗಾಲಿ ಇದೆ, ತಿರುಗಿಸಿ ನೋಡಿ. ಕನ್ನಡಕದ ತಾತ ಕ್ಯಾಮರಾ ಹಿಡಿದ ಮಾರನೇ ದಿನ ಮೊಮ್ಮಗನಿಗೆ ಬರುವ ತೊಂದರೆ ಇದು. ಫೋಕಸ್ ಆಗದಿದ್ದರೆ ಲೆನ್ಸಿನ ಪಕ್ಕದ ಗುಂಡಿ 'ಎಂಎಫ್' ಕಡೆ ಜಾರಿದೆಯೇ ನೋಡಿ. ಚೀಲದೊಳಗೆ ಉಜ್ಜಿ ಜಾರುತ್ತದೆ. ಕಾರ್ಡ್ 'ಲಾಕ್' ಎಂದರೆ ಕಾರ್ಡಿನ ಅಂಚಿನ ಬೀಗವನ್ನು ಮೇಲಕ್ಕೆ ತಳ್ಳಿದರಾಯಿತು. ಕ್ಯಾನನ್‌ನಲ್ಲಿ 'ಎರರ್ 01' ಎಂದರೆ ಲೆನ್ಸಿಗೂ ಕ್ಯಾಮರಾಕ್ಕೂ ಮಾತು ನಿಂತಿದೆ ಎಂದರ್ಥ. ಲೆನ್ಸ್ ಕಳಚಿ, ಹಿಂಬದಿಯ ಹಳದಿ ಲೋಹದ ಬಿಂದುಗಳನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಮಾತು ಮರಳುತ್ತದೆ. ಹಳೆಯ ಲೆನ್ಸ್ ಕೊಳ್ಳುವ ಪೋಷಕರಿಗೆ ಒಂದು ಎಚ್ಚರಿಕೆ: 2006ರ ಡಿ40ಯಿಂದ ಡಿ3500ರವರೆಗೆ ನಿಕಾನಿನ ಕೆಳದರ್ಜೆಯ ಕ್ಯಾಮರಾಗಳ ಒಡಲಲ್ಲಿ ಫೋಕಸ್ ಮೋಟಾರ್ ಇಲ್ಲ. ಲೆನ್ಸಿನಲ್ಲೇ ಮೋಟಾರ್ ಇಲ್ಲದಿದ್ದರೆ ಕೈಯಿಂದಲೇ ತಿರುಗಿಸಬೇಕು. ಅದು ಕೆಟ್ಟದ್ದಲ್ಲ, ಇರುವುದೇ ಹಾಗೆ.

ಚುಕ್ಕೆಗಳದು ಮಾತ್ರ ಒಳ್ಳೆಯ ಪತ್ತೇದಾರಿ ಕೆಲಸ. ಇಣುಕುಗಂಡಿಯಲ್ಲಿ ಕಾಣುವ ಚುಕ್ಕೆ ಚಿತ್ರದಲ್ಲಿ ಇಲ್ಲದಿದ್ದರೆ ಧೂಳು ಕೂತಿರುವುದು ಕನ್ನಡಿಯ ಬಳಿ, ಇಲ್ಲವೇ ಮೇಲಿನ ಪರದೆಯ ಮೇಲೆ. ತೆಗೆಯುವಾಗ ಕನ್ನಡಿ ದಾರಿ ಬಿಡುತ್ತದಲ್ಲ! ಚಿತ್ರದಲ್ಲಿ ಮಾತ್ರ, ಪ್ರತಿ ಚಿತ್ರದ ಒಂದೇ ಜಾಗದಲ್ಲಿ ಕಂಡರೆ ಧೂಳು ಸೆನ್ಸರಿನ ಮೇಲಿದೆ. ಎಫ್ 22 ಇಟ್ಟು ಮೋಡವಿಲ್ಲದ ಆಕಾಶ ತೆಗೆದರೆ ಎದ್ದು ಕಾಣುತ್ತದೆ. ರಬ್ಬರ್ ಬುರುಡೆಯಿಂದ ಗಾಳಿ ಊದಿ. ಬಾಯಿಂದ ಮಾತ್ರ ಬೇಡ, ಎಂಜಲು ಹಾರುತ್ತದೆ.

ಇಷ್ಟು ಬುದ್ಧಿ ಹೇಳುವ ನಾನೇ ಒಮ್ಮೆ ಕ್ಯಾಮರಾದ ಕನ್ನಡಿಯನ್ನು ಪಂಚೆಯ ತುದಿಯಿಂದ ಒರೆಸಿದ್ದೆ. ಮನೆಯ ಕನ್ನಡಿಯಲ್ಲಿ ಲೋಹದ ಲೇಪ ಗಾಜಿನ ಹಿಂದೆ ಇರುತ್ತದೆ. ಇದರಲ್ಲಿ ಮುಂಭಾಗದಲ್ಲೇ ಇದೆ. ಹಿಂದಿದ್ದರೆ ಗಾಜಿನ ಎರಡು ಮೈಗಳಿಂದಲೂ ಪ್ರತಿಫಲಿಸಿ ಜೋಡಿ ಬಿಂಬ ಬರುತ್ತದೆ. ತರಗತಿಯಲ್ಲಿ ಇದನ್ನು ವರ್ಷವರ್ಷವೂ ಪಾಠ ಮಾಡುತ್ತಿದ್ದವನು ಪಂಚೆ ಹಿಡಿದಾಗ ಮರೆತೆ. ಬಿದ್ದ ಗೀರುಗಳು ಈಗಲೂ ಇವೆ, ಚಿತ್ರದಲ್ಲಿ ಬರುವುದಿಲ್ಲವೆಂಬುದೊಂದೇ ಸಮಾಧಾನ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಶತ್ರು ಬೂಷ್ಟು. ಮಳೆಗಾಲದಲ್ಲಿ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂತೆ ಹರಡುತ್ತದೆ. ಕ್ಯಾಮರಾವನ್ನು ಚರ್ಮದ ಚೀಲದಲ್ಲಿ ಕಟ್ಟಿಡುವ ಬದಲು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಕ್ಯಾಮರಾ ಮಾರುವ ಮಾತು ಅಲ್ಲಿಗೆ ನಿಂತಿತು. ಆದರೆ ಅಜ್ಜಿಯ ಚಿತ್ರ? ಕಂಪ್ಯೂಟರಿನಲ್ಲಿ ಕಪ್ಪನ್ನು ಎಷ್ಟು ಬೆಳಗಿಸಿದರೂ ಬಿಳಿ ಕೂದಲಿನ ಒಂದು ಆಕಾರ ಬಿಟ್ಟು ಬೇರೇನೂ ಮೂಡಲಿಲ್ಲ. ಬೀಳದ ಬೆಳಕನ್ನು ಯಾವ ಯಂತ್ರವೂ ತರಲಾರದು. ತಂದೆ ಸುಮ್ಮನೆ ನೋಡುತ್ತಿದ್ದವರು, ಬರುವ ಭಾನುವಾರ ಮಗಳು ಅಳಿಯನನ್ನು ಕರೆದುಕೊಂಡು ಅಜ್ಜಿಯ ಊರಿಗೇ ಹೋಗುತ್ತೇವೆ ಎಂದರು. ಫ್ಲಾಷ್ ಒಯ್ಯಬೇಡ, ಬೆಳಿಗ್ಗೆ ಒಂಬತ್ತರೊಳಗೆ ಜಗಲಿಯಲ್ಲಿ ಕೂರಿಸಿ ತೆಗೆ ಎಂದು ಹುಡುಗನಿಗೆ ಹೇಳಿದ್ದೇನೆ.