ಸಂಜೆ ಆರಕ್ಕೆ ಬರುವ 'ಸಣ್ಣ ಬದಲಾವಣೆ': ಪುಣೆ ಡಿಸೈನರ್‌ಗಳ ದುಡಿಮೆಗೆ ಲೆಕ್ಕ ಇಡುವವರು ಯಾರು?

ಪುಣೆ: ಬಾಣೇರ್, ಕೋರೆಗಾಂವ್ ಪಾರ್ಕ್, ವಿಮಾನ್ ನಗರದ ಜಾಹೀರಾತು ಏಜೆನ್ಸಿಗಳಲ್ಲಿ ಕ್ರಿಯೇಟಿವ್ ಡಿಸೈನರ್ ಒಬ್ಬರ ದಿನ ಸಾಮಾನ್ಯವಾಗಿ ಬೆಳಗ್ಗೆ ಹತ್ತರ ಸುಮಾರಿಗೆ ಶುರುವಾಗುತ್ತದೆ. ಮುಗಿಯುವುದು ಯಾವಾಗ ಎಂಬುದು ಮಾತ್ರ ಅವರ ಕೈಯಲ್ಲಿಲ್ಲ.

ಬೆಳಗಿನ ಮೀಟಿಂಗ್‌ನಲ್ಲಿ ಕೆಲಸ ಹಂಚಿಕೆಯಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಎರಡು-ಮೂರು ಡಿಸೈನ್ ಸಿದ್ಧ. ಆಮೇಲೆ ಕಾಯುವ ಕೆಲಸ. ಕ್ಲೈಂಟ್ ಕಂಪನಿಯ ಮಾರ್ಕೆಟಿಂಗ್ ವಿಭಾಗದವರು ತಮ್ಮ ಸಭೆಗಳನ್ನೆಲ್ಲ ಮುಗಿಸಿ ಫೈಲ್ ತೆರೆಯುವುದೇ ಸಂಜೆ. ಆರು ಗಂಟೆಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಬರುತ್ತದೆ: ಸಣ್ಣ ಬದಲಾವಣೆ ಅಷ್ಟೇ, ಲೋಗೋ ಸ್ವಲ್ಪ ದೊಡ್ಡದಾಗಲಿ.

ಲೋಗೋ ದೊಡ್ಡದಾದರೆ ಶೀರ್ಷಿಕೆ ಕೆಳಗಿಳಿಯುತ್ತದೆ, ಶೀರ್ಷಿಕೆ ಇಳಿದರೆ ಚಿತ್ರ ಕತ್ತರಿಸಬೇಕು. ಇನ್‌ಸ್ಟಾಗ್ರಾಂ ಪೋಸ್ಟ್, ಸ್ಟೋರಿ, ಪತ್ರಿಕೆ ಜಾಹೀರಾತು, ರಸ್ತೆ ಬದಿಯ ಹೋರ್ಡಿಂಗ್ ಹೀಗೆ ಪ್ರತಿ ಅಳತೆಗೂ ಇದನ್ನೇ ಮತ್ತೆ ಮಾಡಬೇಕು. ಗಣೇಶೋತ್ಸವದಿಂದ ದೀಪಾವಳಿವರೆಗೆ ಇದು ದಿನನಿತ್ಯದ ಕಥೆ.

ಕನ್ನಡ ಬಲ್ಲವರಿಗೆ ಇನ್ನೊಂದು ಹೊರೆ ಇದೆ. ಮೂಲ ಜಾಹೀರಾತು ಇಂಗ್ಲಿಷ್‌ನಲ್ಲಿ ಸಿದ್ಧವಾಗಿ, ಮರಾಠಿ, ಹಿಂದಿ, ಕನ್ನಡ ಆವೃತ್ತಿಗಳು ಕೊನೆಗೆ ಬರುತ್ತವೆ. ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಆನ್ ಮಾಡದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ತಂಡದಲ್ಲಿ ಅದನ್ನು ಗುರುತಿಸಬಲ್ಲವರು ಒಬ್ಬರೇ ಇದ್ದರೆ, ಬೆಳಗಾವಿಯದೋ ವಿಜಯಪುರದ್ದೋ ಆ ಹುಡುಗ ಅಥವಾ ಹುಡುಗಿ ಕಡೆಯ ಫೈಲ್ ಹೋಗುವವರೆಗೂ ಕೂರಬೇಕು. ಶ್ರೀಲಿಪಿ ತಂತ್ರಾಂಶ ಹುಟ್ಟಿದ, ಸಿ-ಡ್ಯಾಕ್ ಕೇಂದ್ರ ಕಚೇರಿ ಇರುವ ಊರಿನಲ್ಲೂ ಈ ಪಾಡು!

ತೊಂದರೆಯ ಬೇರು ಇರುವುದು ಹಣದ ಲೆಕ್ಕದಲ್ಲಿ. ಅನೇಕ ಏಜೆನ್ಸಿಗಳಿಗೆ ಕ್ಲೈಂಟ್ ಕೊಡುವುದು ತಿಂಗಳಿಗೆ ಇಷ್ಟು ಎಂಬ ನಿಗದಿತ ಮೊತ್ತ. ತಿದ್ದುಪಡಿಗೆ ಮಿತಿ ಬರೆಯದಿದ್ದರೆ ಐದನೇ ಸಲದ ಬದಲಾವಣೆಯೂ ಕ್ಲೈಂಟ್‌ಗೆ ಪುಕ್ಕಟೆ. ಅದರ ಬೆಲೆ ತೆರುವುದು ಡಿಸೈನರ್‌ನ ರಾತ್ರಿ.

ಕಾನೂನು ಏನು ಹೇಳುತ್ತದೆ?

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ವೇತನ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ದಿನದ ಮಿತಿಯನ್ನು 10 ಗಂಟೆಗೆ, ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 125ರಿಂದ 144 ಗಂಟೆಗೆ ಏರಿಸಲು ಒಪ್ಪಿತು. ಅದೇ ವರ್ಷ ಕರ್ನಾಟಕ ಸರ್ಕಾರವೂ 10 ಗಂಟೆಯ ಪ್ರಸ್ತಾವ ಮುಂದಿಟ್ಟಾಗ ಐಟಿ ನೌಕರರ ಸಂಘಟನೆ ವಿರೋಧಿಸಿತ್ತು.

ಆದರೆ ಈ ಅಂಕಿಗಳು ಡಿಸೈನರ್‌ಗೆ ಅನ್ವಯಿಸುತ್ತವೆಯೇ ಎಂಬುದೇ ಪ್ರಶ್ನೆ. ಕಾಯ್ದೆಯ ಪ್ರಕಾರ ದೈಹಿಕ, ಕುಶಲ, ತಾಂತ್ರಿಕ, ಗುಮಾಸ್ತಿಕೆಯಂಥ ಕೆಲಸ ಮಾಡುವವರು 'ಕೆಲಸಗಾರರು'. ಸೃಜನಶೀಲ ಕೆಲಸದ ಹೆಸರು ಆ ಪಟ್ಟಿಯಲ್ಲಿಲ್ಲ. ಸಿಗರೇಟ್ ಕಂಪನಿಯೊಂದರ ಮಾರಾಟ ನೌಕರರೊಬ್ಬರ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್, ಕಲ್ಪನಾಶಕ್ತಿ ಮತ್ತು ಸೃಜನಶೀಲ ಮನಸ್ಸು ಬೇಡುವ ಅವರ ಕೆಲಸ ಕೈಗಾರಿಕಾ ವಿವಾದ ಕಾಯ್ದೆಯ 'ಕಾರ್ಮಿಕ' ವ್ಯಾಖ್ಯೆಗೆ ಬರುವುದಿಲ್ಲ ಎಂದಿತ್ತು. ಅದು ಬೇರೆ ಕಾಯ್ದೆ, ಬೇರೆ ಕೆಲಸ ನಿಜ. ಆದರೂ ಇಡೀ ದಿನ ಲೋಗೋ ಹಿಗ್ಗಿಸಿ ಕುಗ್ಗಿಸುವವರ ಕೆಲಸ ತಾಂತ್ರಿಕವೋ ಸೃಜನಶೀಲವೋ ಎಂಬ ವಾದಕ್ಕೆ ಜಾಗ ಉಳಿದೇ ಇದೆ.

ಪರಿಶೀಲನೆ ಎಷ್ಟು ಸಡಿಲವೆಂಬುದು ಪುಣೆಗೆ ಗೊತ್ತಾಗಿದ್ದು 2024ರಲ್ಲಿ. ಇವೈ ಸಮೂಹದ ಪುಣೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ 26 ವರ್ಷದ ಲೆಕ್ಕ ಪರಿಶೋಧಕಿ ಜುಲೈನಲ್ಲಿ ಮೃತಪಟ್ಟರು. ಅತಿಯಾದ ಕೆಲಸವೇ ಕಾರಣವೆಂದು ತಾಯಿ ಪತ್ರ ಬರೆದರು, ಕಂಪನಿ ಅದನ್ನು ಒಪ್ಪಲಿಲ್ಲ. ನಂತರ ಭೇಟಿ ನೀಡಿದ ಕಾರ್ಮಿಕ ಇಲಾಖೆಗೆ ಕಂಡಿದ್ದು, 2007ರಿಂದ ನಡೆಯುತ್ತಿದ್ದ ಆ ಕಚೇರಿ ಇದೇ ಅಂಗಡಿ ಕಾಯ್ದೆಯಡಿ ನೋಂದಣಿಯನ್ನೇ ಪಡೆದಿಲ್ಲ ಎಂಬುದು.

ಜಾಹೀರಾತು ಕ್ಷೇತ್ರ ಇಂಥ ಆಘಾತವನ್ನು ಮೊದಲೇ ಕಂಡಿದೆ. ಜಪಾನಿನ ದೈತ್ಯ ಏಜೆನ್ಸಿ ಡೆಂಟ್ಸುವಿನ 24 ವರ್ಷದ ಉದ್ಯೋಗಿ 2015ರ ಡಿಸೆಂಬರ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅತಿ ದುಡಿಮೆಯೇ ಕಾರಣವೆಂದು ಅಲ್ಲಿನ ಅಧಿಕಾರಿಗಳು ಒಪ್ಪಿದರು. ರಾತ್ರಿ ಹತ್ತಕ್ಕೆ ಕಚೇರಿ ದೀಪ ಆರಿಸುವ ನಿಯಮ ಬಂತು. 2017ರಲ್ಲಿ ನ್ಯಾಯಾಲಯ ವಿಧಿಸಿದ ದಂಡ ಬರೀ 5 ಲಕ್ಷ ಯೆನ್. ಪುಣೆಯಲ್ಲಿ ದೀಪ ಆರಿಸಿದರೂ ಪ್ರಯೋಜನ ಕಡಿಮೆ, ಲ್ಯಾಪ್‌ಟಾಪ್ ಮನೆಗೆ ಹೋಗುತ್ತದೆ.

ಕೆಲಸದ ಅವಧಿ ಮುಗಿದ ಮೇಲೆ ಕರೆ, ಸಂದೇಶಗಳಿಗೆ ಉತ್ತರಿಸದಿರುವ ಹಕ್ಕಿಗಾಗಿ ಪುಣೆ ಜಿಲ್ಲೆಯ ಬಾರಾಮತಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಖಾಸಗಿ ಮಸೂದೆ ತಂದರು, 2025ರ ಡಿಸೆಂಬರ್‌ನಲ್ಲಿ ಮತ್ತೆ ಮಂಡಿಸಿದರು. ಸಂಸತ್ತಿನಲ್ಲಿ ಖಾಸಗಿ ಮಸೂದೆಯೊಂದು ಕೊನೆಯ ಬಾರಿ ಕಾನೂನಾಗಿದ್ದು 1970ರಲ್ಲಿ.

ಹಾಗಾಗಿ ಸದ್ಯಕ್ಕೆ ಹತ್ತಿರದ ದಾರಿ ಒಪ್ಪಂದ ಪತ್ರವೇ. ಸ್ವತಂತ್ರವಾಗಿ ದುಡಿಯುವ ಎಷ್ಟೋ ಡಿಸೈನರ್‌ಗಳು ಎರಡು ಸುತ್ತಿನ ತಿದ್ದುಪಡಿ ಉಚಿತ, ಮೂರನೆಯದಕ್ಕೆ ಬೇರೆ ದರ ಎಂದು ಮೊದಲೇ ಬರೆದುಕೊಳ್ಳುತ್ತಾರೆ. ಏಜೆನ್ಸಿಗಳಿಗೂ ಇದು ಗೊತ್ತಿಲ್ಲದ್ದೇನಲ್ಲ. ಪಕ್ಕದ ಏಜೆನ್ಸಿ ಐದನೇ ಸುತ್ತನ್ನೂ ಪುಕ್ಕಟೆ ಮಾಡಿಕೊಟ್ಟು ಕ್ಲೈಂಟ್‌ನನ್ನು ಎಳೆದುಕೊಂಡರೆ ಎಂಬ ಭಯದಲ್ಲಿ ಆ ಸಾಲನ್ನು ಬರೆಯಲು ಹಿಂಜರಿಯುತ್ತಿವೆ.