ಒಂದೇ ಪಂಕ್ತಿಯ ಬಣ್ಣದ ಕೇಕು



ಮಕ್ಕಳ ಹುಟ್ಟುಹಬ್ಬದಂದು ಕೇಕು ಕತ್ತರಿಸುವ ರೂಢಿಯು ಇಂದು ಪಟ್ಟಣಗಳಲ್ಲಷ್ಟೇ ಅಲ್ಲ, ಹಳ್ಳಿಗಳಲ್ಲಿಯೂ ನೆಲೆಗೊಂಡಿದೆ. ಇದು ಸರಿಯೋ ತಪ್ಪೋ ಎಂಬ ವಾದವನ್ನು ನಾವು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಆ ವಾದ ಮುಗಿಯುವಷ್ಟರಲ್ಲಿ ಮಗುವೇ ಬೆಳೆದು ದೊಡ್ಡದಾಗಿರುತ್ತದೆ. ನಮ್ಮನ್ನು ಚಿಂತೆಗೆ ಹಚ್ಚಿರುವ ಸಂಗತಿ ಬೇರೆಯೇ ಇದೆ. ಅಂಗಡಿಯಿಂದ ತಂದ ಕೇಕಿನ ಡಬ್ಬಿ ತೆರೆದೊಡನೆ ಅನೇಕ ಸದ್ಭಕ್ತರ ಮನೆಗಳಲ್ಲಿ ಮನೆಯವರೇ ಎರಡು ಪಾಲಾಗುತ್ತಾರೆ. ಮಕ್ಕಳು ಮೇಜಿನ ಸುತ್ತ ನೆರೆಯುತ್ತಾರೆ. ಲಿಂಗಪೂಜೆಯ ನೇಮವುಳ್ಳ ಅಜ್ಜಿಯು, ಅದರಲ್ಲಿ ತತ್ತಿ ಇದ್ದೀತೆಂಬ ಅಳುಕಿನಿಂದ, "ನನಗೆ ಬೇಡ ಕೂಸೆ, ನೀವು ತಿನ್ನಿರಿ" ಎಂದು ಹಿಂದೆ ಸರಿಯುತ್ತಾರೆ. ಅಜ್ಜಿಯ ಬಾಯಿಗೆಂದು ಮೊಮ್ಮಗು ಹಿಡಿದ ತುಣುಕು ಅದರ ಕೈಯಲ್ಲಿಯೇ ಉಳಿಯುತ್ತದೆ. ಸೊಸೆಗೆ ಮುಜುಗರ, ಅಜ್ಜಿಗೆ ಸಂಕಟ, ಮಗುವಿಗೆ ಕಾರಣ ತಿಳಿಯದ ನೋವು. ವರ್ಷಕ್ಕೊಮ್ಮೆ ಬರುವ ಸಂತೋಷದ ದಿನದಲ್ಲಿ ಹೀಗೆ ಪಂಕ್ತಿ ಒಡೆಯುವುದು ಸಣ್ಣ ಮಾತಲ್ಲ.

ನಮ್ಮ ಧರ್ಮದಲ್ಲಿ ಪ್ರಸಾದವು ಅಷ್ಟಾವರಣಗಳಲ್ಲಿ ಒಂದು. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದ ಪದಾರ್ಥವು ಪ್ರಸಾದವಾಗುತ್ತದೆ. ಅರ್ಪಿಸಲು ಬಾರದುದು ಎಷ್ಟೇ ರುಚಿಯಾಗಿದ್ದರೂ ಬರಿಯ ಪದಾರ್ಥವಾಗಿಯೇ ಉಳಿಯುತ್ತದೆ. ಅಜ್ಜಿಯ ನಿರಾಕರಣೆಯ ಹಿಂದೆ ಇರುವುದು ಈ ನಿಷ್ಠೆಯೇ ಹೊರತು ಮೊಮ್ಮಗುವಿನ ಮೇಲಿನ ಮುನಿಸಲ್ಲ. ಹಾಗೆಂದು ಮಗುವಿನ ಆಸೆಯನ್ನು ಗದರಿಸಿ ಅಡಗಿಸುವುದೂ ಧರ್ಮವಲ್ಲ. ಅರ್ಪಿಸಬಹುದಾದ ಕೇಕನ್ನು ಮನೆಯಲ್ಲಿಯೇ ಮಾಡಿಕೊಂಡರೆ ನಿಷ್ಠೆಯೂ ಉಳಿಯುತ್ತದೆ, ಆಸೆಯೂ ತೀರುತ್ತದೆ. ಅದಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ, ದುಬಾರಿ ಸಾಮಗ್ರಿಯೂ ಬೇಕಿಲ್ಲ. ಮಕ್ಕಳ ಕಣ್ಣು ಸೆಳೆಯುವ, ಸುರುಳಿ ಸುರುಳಿಯಾಗಿ ಮೂರು ಬಣ್ಣಗಳು ಬೆರೆತ ಪುಟ್ಟ ಬಟ್ಟಲು ಕೇಕುಗಳನ್ನು, ಅಂದರೆ ಕಪ್‌ಕೇಕುಗಳನ್ನು, ಮಾಡುವ ಬಗೆಯನ್ನು ಕೈಪಳಗಿದ ತಾಯಂದಿರಿಂದ ಕೇಳಿ ತಿಳಿದು ಇಲ್ಲಿ ನಿವೇದಿಸುತ್ತಿದ್ದೇವೆ.

ತತ್ತಿಯಿಲ್ಲದೆ ಕೇಕು ಉಬ್ಬುವುದೆಂತು ಎಂದು ಕೆಲವರು ಸಂಶಯಪಡುತ್ತಾರೆ. ಇದಕ್ಕೆ ಉತ್ತರವಾಗಿ ಇಂಗ್ಲೆಂಡಿನ ಒಂದು ಸಂಸಾರದ ಕಥೆಯನ್ನು ಹೇಳಬೇಕು. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯಿದ್ದನು. ಅವನ ಮಡದಿಗೆ ತತ್ತಿ ಒಗ್ಗುತ್ತಿರಲಿಲ್ಲ. ಅವಳಿಗಾಗಿ ಅವನು 1837ರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ತತ್ತಿಯಿಲ್ಲದ ಕಸ್ಟರ್ಡ್ ಪುಡಿಯನ್ನು ಸಿದ್ಧಪಡಿಸಿದನು. ಬ್ರೆಡ್ಡನ್ನು ಹುದುಗಿಸುವ ಯೀಸ್ಟ್ ಕೂಡ ಅವಳಿಗೆ ಆಗದೆಂದು 1843ರಲ್ಲಿ ಬೇಕಿಂಗ್ ಪೌಡರನ್ನು ತಯಾರಿಸಿದನು. ಇಂದು ನಮ್ಮ ಕಿರಾಣಿ ಅಂಗಡಿಗಳಲ್ಲಿ ದೊರೆಯುವ ಈ ಎರಡೂ ಪುಡಿಗಳ ಮೂಲದಲ್ಲಿ, ಮನೆಯವಳೊಬ್ಬಳು ಊಟದ ಮೇಜಿನಿಂದ ದೂರ ಉಳಿಯಬಾರದೆಂಬ ಒಬ್ಬ ಗಂಡನ ಕಾಳಜಿಯಿದೆ. ಅವನಿಗೆ ಕಾರಣವಾದದ್ದು ಮಡದಿಯ ದೇಹಸ್ಥಿತಿ, ನಮಗೆ ಕಾರಣವಾಗುವುದು ನೇಮ. ಕಾಳಜಿ ಮಾತ್ರ ಒಂದೇ.

ನಮ್ಮ ನಾಡಿಗೂ ಇದು ಹೊಸತಲ್ಲ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಆರಂಭವಾಯಿತು. ಆ ಪರಂಪರೆಯಲ್ಲಿ ಬೆಳೆದ ಅಯ್ಯಂಗಾರ್ ಬೇಕರಿಗಳು ತತ್ತಿಯಿಲ್ಲದ ತಿನಿಸುಗಳಿಂದಲೇ ಹೆಸರಾದವು. ಆದ್ದರಿಂದ ಒಲೆಯ ಒಣಶಾಖದಲ್ಲಿ ಬೇಯಿಸಿದ್ದೆಲ್ಲ ಪರಕೀಯವೆಂದು ಸಂಕೋಚಪಡಬೇಕಾಗಿಲ್ಲ.

ತತ್ತಿಯ ಕೆಲಸವನ್ನು ಇಲ್ಲಿ ಮಾಡುವುದು ಮೊಸರು ಮತ್ತು ಅಡುಗೆ ಸೋಡಾ. ಮೊಸರಿನ ಹುಳಿಯೂ ಸೋಡಾದ ಕ್ಷಾರವೂ ಕೂಡಿದಾಗ ಇಂಗಾಲದ ಡೈಆಕ್ಸೈಡ್ ಅನಿಲವು ಗುಳ್ಳೆಗಳಾಗಿ ಹೊರಡುತ್ತದೆ. ಆ ಗುಳ್ಳೆಗಳು ಹಿಟ್ಟಿನೊಳಗೆ ಸಿಕ್ಕಿಕೊಂಡು, ಬಿಸಿಗೆ ಹಿಗ್ಗಿ, ಕೇಕನ್ನು ಮೃದುವಾಗಿಸುತ್ತವೆ. ಸೋಡಾ ಕಡಿಮೆಯಾದರೆ ಕೇಕು ಗಟ್ಟಿ, ಹೆಚ್ಚಾದರೆ ಸಾಬೂನಿನ ರುಚಿ. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಹನ್ನೆರಡು ಪುಟ್ಟ ಕೇಕುಗಳಿಗೆ ಬೇಕಾಗುವ ಸಾಮಗ್ರಿ ಇಷ್ಟು: ಒಂದೂವರೆ ಬಟ್ಟಲು, ಅಂದರೆ ಸುಮಾರು 190 ಗ್ರಾಂ ಮೈದಾ, ಮುಕ್ಕಾಲು ಬಟ್ಟಲು ಪುಡಿ ಮಾಡಿದ ಸಕ್ಕರೆ, ಮುಕ್ಕಾಲು ಬಟ್ಟಲು ಹೊಸ ಮೊಸರು, ಅರ್ಧ ಬಟ್ಟಲು ವಾಸನೆಯಿಲ್ಲದ ಅಡುಗೆ ಎಣ್ಣೆ, ಒಂದೂಕಾಲು ಚಹಾ ಚಮಚ ಬೇಕಿಂಗ್ ಪೌಡರ್, ಅರ್ಧ ಚಹಾ ಚಮಚ ಅಡುಗೆ ಸೋಡಾ, ಒಂದು ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿಯ ಪುಡಿ. ಬಟ್ಟಲೆಂದರೆ 240 ಮಿಲಿಲೀಟರ್ ಹಿಡಿಯುವ ಅಳತೆ. ಮೈದಾ, ಪೌಡರ್, ಸೋಡಾ, ಉಪ್ಪು ಇವನ್ನು ಕೂಡಿಸಿ ಎರಡು ಮೂರು ಸಲ ಜರಡಿ ಹಿಡಿಯಬೇಕು. ಮೊಸರು, ಸಕ್ಕರೆ, ಎಣ್ಣೆಗಳನ್ನು ಬೇರೆ ಪಾತ್ರೆಯಲ್ಲಿ ನುಣುಪಾಗುವಂತೆ ಕಡೆದು ಏಲಕ್ಕಿ ಪುಡಿ ಸೇರಿಸಬೇಕು. ಬಳಿಕ ಒಣಹಿಟ್ಟನ್ನು ಅದರೊಳಗೆ ಬಿಟ್ಟು, ಗಂಟು ಉಳಿಯದಷ್ಟು ಮಾತ್ರ ಮೆಲ್ಲಗೆ ಕಲಸಬೇಕು. ಚಪಾತಿ ಹಿಟ್ಟಿನಂತೆ ನಾದಿದರೆ ಮೈದಾದಲ್ಲಿ ಜಿಗುಟು ಹುಟ್ಟಿ ಕೇಕು ಬಿರುಸಾಗುತ್ತದೆ.

ಇನ್ನು ಬಣ್ಣದ ವಿಚಾರ. ಕಲಸಿದ ಹಿಟ್ಟನ್ನು ಮೂರು ಪಾಲು ಮಾಡಿರಿ. ಮೊದಲ ಪಾಲಿಗೆ ಕಾಲು ಚಹಾ ಚಮಚಕ್ಕಿಂತ ಕಡಿಮೆ ಅರಿಶಿನವನ್ನು ಎರಡು ದೊಡ್ಡ ಚಮಚ ಹಾಲಿನಲ್ಲಿ ಕದಡಿ ಸೇರಿಸಿದರೆ ಹಳದಿ. ಎರಡನೆಯದಕ್ಕೆ ಹಸಿ ಬೀಟ್‌ರೂಟನ್ನು ನುಣ್ಣಗೆ ರುಬ್ಬಿದ ಎರಡು ದೊಡ್ಡ ಚಮಚ ಮುದ್ದೆಯನ್ನೂ ನಾಲ್ಕು ಹನಿ ನಿಂಬೆರಸವನ್ನೂ ಸೇರಿಸಿದರೆ ಗುಲಾಬಿ. ಮೂರನೆಯದಕ್ಕೆ ಪಾಲಕ್ ಸೊಪ್ಪನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ, ಹಿಂಡಿ, ರುಬ್ಬಿದ ಎರಡು ದೊಡ್ಡ ಚಮಚ ಮುದ್ದೆ ಸೇರಿಸಿದರೆ ಹಸಿರು. ಏಲಕ್ಕಿಯ ಪರಿಮಳದ ಮುಂದೆ ಸೊಪ್ಪಿನ ವಾಸನೆ ತಲೆಯೆತ್ತುವುದಿಲ್ಲ.

ಈ ಮೂರು ಬಣ್ಣಗಳಿಗೂ ತಮ್ಮ ತಮ್ಮ ಸ್ವಭಾವವಿದೆ. ಬೀಟ್‌ರೂಟಿನ ಕೆಂಪು ಹುಳಿಯಲ್ಲಿ ಉಳಿಯುತ್ತದೆ, ಕ್ಷಾರದಲ್ಲಿಯೂ ಬಹುಕಾಲದ ಬಿಸಿಯಲ್ಲಿಯೂ ಕೆಡುತ್ತದೆ. ಆದ್ದರಿಂದಲೇ ನಿಂಬೆಯ ಹನಿ. ಪಾಲಕ್ಕಿನ ಹಸಿರು ಹುಳಿಯಲ್ಲಿ ಮಾಸುತ್ತದೆ. ಅದಕ್ಕೆ ನಿಂಬೆ ಸಲ್ಲದು. ಅರಿಶಿನಕ್ಕೆ ಕ್ಷಾರ ತಗುಲಿದರೆ ಕೆಂಪೇರುತ್ತದೆ. ಅರಿಶಿನ ನೀರಿಗೆ ಸುಣ್ಣ ಕದಡಿ ಆರತಿಯ ಕೆಂಪು ನೀರು ಮಾಡುವ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳದಿ ಪಾಲು ಕೆಂಪಗಾದರೆ ಸೋಡಾ ಹೆಚ್ಚಾಗಿದೆಯೆಂದೇ ತಿಳಿಯಿರಿ. ದೊಡ್ಡ ಕೇಕಿಗಿಂತ ಪುಟ್ಟ ಬಟ್ಟಲಿನಲ್ಲಿ ಈ ಬಣ್ಣಗಳು ಚೆನ್ನಾಗಿ ನಿಲ್ಲುವುದಕ್ಕೂ ಕಾರಣವಿದೆ: ಸಣ್ಣದು ಬೇಗ ಬೇಯುತ್ತದೆ, ಬಣ್ಣವು ಬಿಸಿಯಲ್ಲಿರುವ ಹೊತ್ತು ಕಡಿಮೆಯಾಗುತ್ತದೆ. ಆದರೂ ಮೇಲ್ಮೈ ಸ್ವಲ್ಪ ಕಂದುವುದು ಸಹಜ. ಕಚ್ಚಿದಾಗ ಒಳಗಿನ ಬಣ್ಣ ಕಾಣುತ್ತದೆ.

ಸುರುಳಿ ಮೂಡಿಸುವುದು ಮಕ್ಕಳಿಗೆ ಬಿಡಬೇಕಾದ ಕೆಲಸ. ಎಣ್ಣೆ ಸವರಿದ ಸಣ್ಣ ಸ್ಟೀಲ್ ಬಟ್ಟಲುಗಳಲ್ಲಿ, ಅಥವಾ ಅಚ್ಚಿನಲ್ಲಿರಿಸಿದ ಕಾಗದದ ಬಟ್ಟಲುಗಳಲ್ಲಿ, ಒಂದೊಂದು ಬಣ್ಣದ ಹಿಟ್ಟನ್ನು ಒಂದರ ಮೇಲೊಂದು ಚಮಚದಿಂದ ಬಿಡಬೇಕು. ಮೂರನೆಯ ಎರಡು ಭಾಗ ತುಂಬಿದರೆ ಸಾಕು. ಶುಚಿಯಾದ ತೆಳುಕಡ್ಡಿಯೊಂದನ್ನು ಒಳಗಿಳಿಸಿ, ಒಂದೂವರೆ ಸುತ್ತು ತಿರುಗಿಸಿ ತೆಗೆಯಬೇಕು. ಅಷ್ಟಕ್ಕೇ ನಿಲ್ಲಿಸಬೇಕು. ಇನ್ನಷ್ಟು ಚೆಂದವಾಗಲೆಂದು ತಿರುಗಿಸುತ್ತ ಹೋದರೆ ಮೂರು ಬಣ್ಣವೂ ಕರಗಿ ಮಣ್ಣಿನ ಬಣ್ಣವಾಗುತ್ತದೆ. ಕೂಡಿಯೂ ತನ್ನತನ ಉಳಿಸಿಕೊಳ್ಳುವ ಪಾಠವನ್ನು ಮಗು ತನ್ನ ಬೆರಳ ತುದಿಯಲ್ಲಿಯೇ ಕಲಿಯುತ್ತದೆ.

ಹಿಟ್ಟನ್ನು ಕಾಯಿಸಬಾರದು, ಗುಳ್ಳೆಗಳು ಹಾರಿಹೋಗುತ್ತವೆ. ಓವನ್ ಇರುವವರು ಅದನ್ನು ಮೊದಲೇ 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಟ್ಟು 18ರಿಂದ 20 ನಿಮಿಷ ಬೇಯಿಸಬೇಕು. ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಒಂದು ಬೆರಳು ದಪ್ಪ ಹರಳುಪ್ಪನ್ನು ಹರಡಿ, ಅದರ ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಬಿಗಿಯಾಗಿ ಮುಚ್ಚಿ ಹತ್ತು ನಿಮಿಷ ಕಾಯಿಸಬೇಕು. ಆಮೇಲೆ ಸ್ಟೀಲ್ ಬಟ್ಟಲುಗಳನ್ನಿಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬಿಡಬೇಕು. ಒಂದೇ ಸಲಕ್ಕೆ ಹಿಡಿಸದಿದ್ದರೆ ಅರ್ಧ ಅಳತೆಯಲ್ಲಿ ಎರಡು ಬಾರಿ ಕಲಸುವುದು ಲೇಸು. ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದೆ ಬಂದರೆ ಬೆಂದಿದೆಯೆಂದು ಅರ್ಥ. ಬೆಂಕಿಯ ಕೆಲಸ ಹಿರಿಯರದೇ. ಪೂರ್ತಿ ತಣಿದ ಮೇಲೆ ನಮ್ಮ ಭಾಗದ ಗಟ್ಟಿ ಶ್ರೀಖಂಡವನ್ನು ಮೇಲೆ ಸುತ್ತಿದರೆ ಅಂಗಡಿಯ ಕ್ರೀಮಿಗೆ ಅದು ಯಾವುದರಲ್ಲಿಯೂ ಕಡಿಮೆಯಲ್ಲ.

ಇಷ್ಟು ಶ್ರಮವೇಕೆ, ಅಂಗಡಿಯಲ್ಲಿ ಬಣ್ಣದ ಪುಡಿ ಸಿಗುವುದಿಲ್ಲವೆ ಎಂದು ಕೇಳುವವರಿದ್ದಾರೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಅದೇ ವರ್ಷ ಪರೀಕ್ಷೆಗೊಳಪಡಿಸಿದ 235 ಕೇಕು ಮಾದರಿಗಳಲ್ಲಿ 12ರಲ್ಲಿ ಕೃತಕ ಬಣ್ಣಗಳು ಅಪಾಯಕಾರಿ ಪ್ರಮಾಣದಲ್ಲಿದ್ದುದು ಪ್ರಕಟವಾಯಿತು. ಉಳಿದ 223 ಮಾದರಿಗಳು ಸುರಕ್ಷಿತವಾಗಿದ್ದವೆಂಬುದನ್ನೂ ಹೇಳುವುದು ನ್ಯಾಯ. ಎಲ್ಲ ಬೇಕರಿಗಳನ್ನೂ ಅನುಮಾನಿಸುವುದು ನಮ್ಮ ಉದ್ದೇಶವಲ್ಲ. ಕೊಂಡು ತರುವಾಗ ವಿಚಾರಿಸುವ ಎಚ್ಚರವಿರಲಿ. ಪೊಟ್ಟಣದ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆಯು ಸಸ್ಯಾಹಾರದ ಗುರುತು. ತತ್ತಿಯಿದ್ದರೆ ಆ ಗುರುತು ಹಾಕುವಂತಿಲ್ಲ. ಬಿಡಿಯಾಗಿ ಮಾರುವ ಕೇಕಿಗೆ ಗುರುತಿರದು, ಬಾಯಿಬಿಟ್ಟೇ ಕೇಳಬೇಕು. ವಿದೇಶಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳು ಇನ್ನೆರಡು ಹೆಸರುಗಳನ್ನು ನೆನಪಿಡಬೇಕು. ಕಾರ್ಮೈನ್, ಅಂದರೆ 120ನೆಯ ಸಂಖ್ಯೆಯ ಕೆಂಪು ಬಣ್ಣವು ಕೊಚಿನಿಯಲ್ ಎಂಬ ಕೀಟದಿಂದ ತೆಗೆದದ್ದು. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬಂದದ್ದು.

ಮಠದ ದಾಸೋಹದ ಊಟ ಉಂಡು ಬೆಳೆದ ನಮಗೆ ಒಂದು ಮಾತು ಚೆನ್ನಾಗಿ ಗೊತ್ತಿದೆ. ಉಣ್ಣಲು ಕುಳಿತವರಲ್ಲಿ ಯಾರೂ, ಇದರಲ್ಲಿ ಏನಿದೆಯೋ ಎಂದು ಅಳುಕಬಾರದು. ಆ ನಿಶ್ಚಿಂತೆಯೇ ಪಂಕ್ತಿಯ ಮೊದಲ ಬಡಿಸುವಿಕೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದುಬರುವಂತೆ ಹೇಳಿದ ಕಥೆ ಎಲ್ಲರಿಗೂ ತಿಳಿದದ್ದೇ. ಅವರ ದಾಸೋಹ ದೊಡ್ಡದಾದುದು ಪದಾರ್ಥದ ಬೆಲೆಯಿಂದಲ್ಲ, ಅದರ ಶುದ್ಧಿಯಿಂದ. ಮೈದಾ, ಮೊಸರು, ಬೀಟ್‌ರೂಟುಗಳ ಈ ಸರಳ ತಿನಿಸಿಗೂ ಆ ಶುದ್ಧಿ ಬರಬಹುದು. ಮೈದಾ ಸಕ್ಕರೆಗಳು ನಿತ್ಯದ ಆಹಾರವಲ್ಲವೆಂಬ ವಿವೇಕವೂ ಅದರೊಡನೆ ಇರಲಿ. ಹಬ್ಬದ ತಿನಿಸು ಹಬ್ಬಕ್ಕೇ ಚೆಂದ.

ಆದುದರಿಂದ ತಾಯಂದಿರಲ್ಲಿ ನಮ್ಮ ಅರಿಕೆಯಿಷ್ಟೆ. ಮುಂದಿನ ಹುಟ್ಟುಹಬ್ಬದ ಹಿಂದಿನ ದಿನ ಅತ್ತೆ, ಸೊಸೆ, ಮಗು ಮೂವರೂ ಕೂಡಿ ಅಡುಗೆಮನೆಯಲ್ಲಿ ಕೂರಿರಿ. ಅತ್ತೆ ಸೊಪ್ಪು ಬಿಡಿಸಲಿ, ಸೊಸೆ ಹಿಟ್ಟು ಕಲಸಲಿ, ಮಗು ಸುರುಳಿ ತಿರುಗಿಸಲಿ. ಮರುದಿನ ಮಗುವಿನ ಹಣೆಗೆ ವಿಭೂತಿ ಹಚ್ಚಿ, ಬೆಳಗುವ ದೀಪವನ್ನು ಆರಿಸದೆ ಹಾಗೆಯೇ ಉರಿಯಬಿಟ್ಟು, ಕೇಕನ್ನು ಲಿಂಗಕ್ಕೆ ಅರ್ಪಿಸಿ ಹಂಚಿರಿ. ಹನ್ನೆರಡರಲ್ಲಿ ಎರಡಾದರೂ ಮನೆಗೆಲಸಕ್ಕೆ ಬರುವ ತಾಯಿಯ ಮಕ್ಕಳಿಗೆ, ನೆರೆಮನೆಯ ಕೂಸಿಗೆ, ನಿಮ್ಮ ಮಗುವಿನ ಕೈಯಿಂದಲೇ ಸಲ್ಲಲಿ. ಅಜ್ಜಿಯ ಬಾಯಿಗೆ ಮೊಮ್ಮಗು ಇಡುವ ಮೊದಲ ತುತ್ತನ್ನು ಅವರು ನಿಸ್ಸಂಕೋಚವಾಗಿ ಸ್ವೀಕರಿಸಲಿ.